ಹತ್ತಿ ವ್ಯಾಪಾರಿಯ ಮಗಳು ಗೋಲು ಕಾಯ್ದ ಚರಿತ್ರೆ

ಬೈರಿದೇವರಕೊಪ್ಪ, ಮಂಗಳವಾರ: ಇಲ್ಲಿನ ಬಾಡಿಗೆ ಮನೆಯೊಂದರ ಮಾಳಿಗೆಯ ಮೇಲೆ ಒಣಹಾಕಿದ್ದ ಮಹಿಳಾ ಫುಟ್ಬಾಲ್ ತಂಡದ ಕಾಲುಚೀಲಗಳ ಪೈಕಿ ಒಂದು ಕಾಣೆಯಾಗಿದೆ. ಹಳದಿ ಬಣ್ಣ, ಮೊಳಕಾಲಿನವರೆಗೆ ಉದ್ದ. ಮನೆಯಲ್ಲಿರುವ ಎಲ್ಲರ ಮೇಲೂ ಎಲ್ಲರಿಗೂ ಅನುಮಾನವಿದೆ.

ನಮ್ಮ ಕ್ಲಬ್ಬಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಾನು ಅದರ ಮ್ಯಾನೇಜರು. ಇಲ್ಲಿಗೆ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಇರುವ ಮಾಲೀಕರೊಬ್ಬರು ಹುಡುಗಿಯರಿಗೆ ಪಗಾರ ಕೊಟ್ಟು ಫುಟ್ಬಾಲ್ ಆಡಿಸಲು ಇದನ್ನು ಕಟ್ಟಿದರು. ಮೊದಲ ವರ್ಷ ಮುಗಿದ ಮೇಲೆ ಇದರ ಇತಿಹಾಸ ಬರೆಯಲು ನನಗೆ ಹೇಳಿದರು. ಇತಿಹಾಸ ಅಂದರೆ ಗೆದ್ದ ಕಪ್ಪುಗಳ ಪಟ್ಟಿ. ನಾವು ಕಪ್ಪು ಗೆದ್ದಿಲ್ಲ. ಆದ್ದರಿಂದ ಇದು ಅನುಮಾನಗಳ ಪಟ್ಟಿ.

೧. ಕಾಲುಚೀಲ

ಕಳೆದದ್ದು ಗೋಲ್‌ಕೀಪರಳ ಕಾಲುಚೀಲ. ಎಂಟು ದಿನ ಹುಡುಕಿದೆವು. ಒಂಬತ್ತನೆಯ ದಿನ ಅವಳು ಮನೆಗೆ ಫೋನು ಮಾಡಿದಾಗ ಮಾತಿನ ನಡುವೆ ಈ ವಿಷಯ ಹೇಳಿದಳು. ಅವಳ ಅಪ್ಪ ಅಣ್ಣಿಗೇರಿಯ ಹತ್ತಿ ವ್ಯಾಪಾರಿ. "ಇವತ್ತ ಕಾಲಚೀಲ ಹೋತು. ನಾಳೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಸ್ಸು ಹತ್ತಿದರು.

ಬಂದವರು ಯಾರನ್ನೂ ಏನೂ ಕೇಳಲಿಲ್ಲ. ಮನೆಯನ್ನು ಒಂದು ಸುತ್ತು ಹಾಕಿ, ಹಿತ್ತಲಿನ ನಳದ ಮುಂದೆ ನಿಂತರು. ನಳದ ಬಾಯಿಗೆ ಹಳದಿ ಕಾಲುಚೀಲ ಕಟ್ಟಿತ್ತು.

ಮನೆಯೊಡತಿ ಹೇಳಿದರು: "ನೀರಾಗ ಕೆಸರ ಬರ್ತಿತ್ತರಿ. ಹಗ್ಗದ ಮ್ಯಾಲ ಇದು ಒಂಟಿ ಕಾಣ್ತು. ಜೋಡಿ ಇಲ್ಲದ್ದು ಯಾರಿಗೆ ಬೇಕಂತ ಕಟ್ಟಿದೆ. ಒಗದದ್ದ ಐತಲ್ಲರಿ."

ಇಡೀ ತಂಡ ಎಂಟು ದಿನ ಅದರಲ್ಲಿ ಸೋಸಿದ ನೀರನ್ನೇ ಕುಡಿದಿತ್ತು. ಆ ಎಂಟು ದಿನಗಳಲ್ಲಿ ನಾವು ಎರಡು ಪಂದ್ಯ ಆಡಿದ್ದೆವು, ಒಂದನ್ನೂ ಸೋತಿರಲಿಲ್ಲ. ನಮ್ಮ ಕೋಚು, "ಬಿಚ್ಚಬ್ಯಾಡ್ರಿ" ಎಂದರು.

೨. ಮಾಲು ಯಾವುದು

ಅಪ್ಪ ತಿರುಗಿ ಹೋಗಲಿಲ್ಲ. ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

"ಚೆಂಡ ಆಡಾಕ ಪಗಾರ ಕೊಡ್ತೀರಿ. ಚೆಂಡ ಮಾರ್ತೀರೇನು?"

"ಇಲ್ಲರಿ."

"ಗೋಲ ಮಾರ್ತೀರೇನು?"

"ಇಲ್ಲರಿ."

"ಮತ್ತ ಮಾಲು ಯಾವದರಿ?"

ಅದು ಮಾಲೀಕರಿಗೂ ಇನ್ನೂ ಹೊಳೆದಿಲ್ಲ.

"ಮಾಲು ಕಾಣದ ವ್ಯಾಪಾರದಾಗ ಮೋಸ ಇದ್ದ ಇರ್ತೈತಿ," ಎಂದರು ಅವರು. "ಲೀಗ್ ಮುಗಿಯೂತನಕ ನೋಡ್ತೇನಿ. ಒಂದ ಮೋಸ ಸಿಕ್ರ ಮಗಳು ಮನಿಗೆ."

ಬಾಗಿಲಲ್ಲಿ ನಿಂತಿದ್ದ ಮಗಳು, "ಅಪ್ಪಾ, ನಾ ಬರೂದಿಲ್ಲ," ಎಂದಳು.

"ಮೋಸ ಇದ್ರ ಅಂದೇನಿ."

"ಇಲ್ಲ."

"ಹಂಗಾರ ನಿನಗ್ಯಾಕ ಚಿಂತಿ?"

ಚಿಂತೆ ನನಗಿತ್ತು. ನಮ್ಮ ಇನ್ನೊಬ್ಬ ಗೋಲ್‌ಕೀಪರಳ ಬೆರಳು ಪ್ಲಾಸ್ಟರಿನಲ್ಲಿತ್ತು. ಲೀಗಿನ ಪಟ್ಟಿಯಲ್ಲಿ ನಮ್ಮ ಕೆಳಗೆ ಒಂದೇ ತಂಡವಿತ್ತು, ಕೊನೆಯ ಸ್ಥಾನದವರು ಲೀಗಿನಿಂದ ಹೊರಗೆ. ಹೊರಗೆ ಬಿದ್ದರೆ ಕ್ಲಬ್ಬು ಮುಚ್ಚುವೆನೆಂದು ಮಾಲೀಕರು ಹೇಳಿದ್ದರು. ಅವರು ಹೇಳಿದ್ದನ್ನು ಮಾಡುವವರು.

೩. ಕಂಬ

ಮರುದಿನ ಕೆಲಗೇರಿಯಲ್ಲಿ ನಮ್ಮ ಅಭ್ಯಾಸದ ಮೈದಾನಕ್ಕೆ ಅಪ್ಪ ಟೇಪು ಹಿಡಿದುಕೊಂಡು ಬಂದರು. ಗೋಲುಕಂಬ ಅಳೆದರು. ಒಂದು ಕಡೆಗಿಂತ ಇನ್ನೊಂದು ಕಡೆ ನಾಲ್ಕು ಬೆರಳು ಕಡಿಮೆ.

"ಸಿಕ್ತು," ಎಂದರು.

ಕಂಬ ಮಾಡಿಕೊಟ್ಟ ವೆಲ್ಡಿಂಗ್ ಚಾಚಾ ಅವರನ್ನು ಕರೆಸಿದೆ. ಅವರು ಒಂದು ಕಣ್ಣು ಮುಚ್ಚಿ ಕಂಬ ನೋಡಿದರು, ಬಗ್ಗಿ ನೆಲ ನೋಡಿದರು, ಆಮೇಲೆ ವ್ಯಾಪಾರಿಯನ್ನು ನೋಡಿದರು.

"ಸಾವಕಾರ್ರ, ನನ್ನ ಕಂಬ ಸೀದಾ ಐತಿ. ಭೂಮಿ ಸೊಟ್ಟ ಐತಿ. ಅದನ್ನ ಮಾಡಿದಾತನ್ನ ಕೇಳ್ರಿ."

ಆತನ ಮೇಲೆ ಮಾತ್ರ ತಮಗೆ ಅನುಮಾನವಿಲ್ಲವೆಂದು ಹೇಳಿ ಅಪ್ಪ ಟೇಪು ಸುತ್ತಿಕೊಂಡರು.

೪. ವಲ್ಲಿಯ ಕೆಳಗೆ

ಹತ್ತಿ ಪೇಟೆಯಲ್ಲಿ ಹಿಂದೆ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಇಬ್ಬರು ಹೆಗಲ ಮೇಲಿನ ವಲ್ಲಿ ಬಿಡಿಸಿ, ಆ ಒಂದೇ ಬಟ್ಟೆಯ ಕೆಳಗೆ ಕೈ ಹಾಕಿ, ಬೆರಳು ಹಿಡಿದು ದರ ಮುಗಿಸುತ್ತಿದ್ದರು. ಅಪ್ಪ ಬೆಳೆದದ್ದು ಆ ವಲ್ಲಿಯ ಕೆಳಗೆ.

ನಮ್ಮ ಕೋಚು ಇದನ್ನು ಅರಿಯರು. ಕಾರ್ನರ್ ಒದೆತ ಸಿಕ್ಕಾಗ ಚೆಂಡು ಎಲ್ಲಿಗೆ ಬರಬೇಕೆಂದು ಅವರು ಹುಡುಗಿಯರಿಗೆ ಬೆರಳಿನಿಂದ ಸನ್ನೆ ಮಾಡುತ್ತಿದ್ದರು. ಎದುರು ತಂಡಕ್ಕೆ ಕಾಣದಿರಲೆಂದು ಕೈಗೆ ಟವೆಲ್ ಅಡ್ಡ ಹಿಡಿಯುತ್ತಿದ್ದರು.

ಕೊನೆಯದಕ್ಕಿಂತ ಹಿಂದಿನ ಪಂದ್ಯ. ಗ್ಯಾಲರಿಯಿಂದ ಅಪ್ಪನಿಗೆ ಕಂಡದ್ದು ಒಂದು ಟವೆಲ್, ಅದರ ಹಿಂದೆ ಒಂದು ಕೈ. ಅವರು ಮೆಟ್ಟಿಲಿಳಿದು ಬಂದು ಕೋಚಿನ ಪಕ್ಕ ನಿಂತು, ಟವೆಲ್ಲಿನ ಕೆಳಗೆ ಕೈ ಹಾಕಿದರು. ಒಳಗೆ ಮೂರು ಬೆರಳು ಸಿಕ್ಕವು. ಕೋಚು ಮೈದಾನದಿಂದ ಕಣ್ಣು ತೆಗೆಯದೆ, "ನೀರ ಆಮ್ಯಾಲ ಕೊಡ್ರಿ" ಎಂದರು.

ಅಪ್ಪ ನನ್ನ ಬಳಿ ಬಂದರು. "ಮೂರಕ್ಕ ಮುಗೀತರಿ."

"ಏನರಿ?"

"ಸೌದಾ. ಪಂದ್ಯ ಮಾರಿದ್ರು."

ಅದು ಕಾರ್ನರಿನ ಸನ್ನೆ ಎಂದು ವಿವರವಾಗಿ ತಿಳಿಸಿದೆ. ಅವರು ಒಪ್ಪದೆ ತಲೆಯಾಡಿಸಿದರು. ಆ ಪಂದ್ಯವನ್ನು ನಾವು ಮೂರು ಗೋಲಿನಿಂದ ಸೋತೆವು.

೫. ಟ್ರಂಕು

"ಒಂದ ಅಂಡಿಗಿ ಹತ್ತಿ ನೋಡಿ ಇಡೀ ಮಾಲಿಗೆ ಹೆಸರಿಡಬಾರ್ದು," ಎಂದು ಅಪ್ಪ ಮಗಳಿಗೆ ಹೇಳಿದರು. "ಕಡೀ ಪಂದ್ಯನೂ ನೋಡ್ತೇನಿ. ಆದ್ರ ಟ್ರಂಕ ಕಟ್ಟು."

ಕೊನೆಯ ಪಂದ್ಯದ ದಿನ ಆ ಟ್ರಂಕನ್ನು ನಮ್ಮ ಗೋಲಿನ ಹಿಂದೆ ಇಟ್ಟು, ಅದರ ಮೇಲೇ ಕೂತರು. ನಮಗೆ ಒಂದು ಅಂಕ ಬೇಕಿತ್ತು, ಅಂದರೆ ಸೋಲದಿದ್ದರೆ ಸಾಕು. ನಾನು ಕೋಚಿನಿಂದ ಟವೆಲ್ ಕಸಿದುಕೊಂಡು, ಎರಡೂ ಕೈ ಕಿಸೆಯಲ್ಲಿಡಲು ಹೇಳಿದ್ದೆ. ಎದುರು ತಂಡದ ಕೋಚು ಮಾತ್ರ ಮುಚ್ಚುಮರೆಯಿಲ್ಲದೆ ಬೆರಳು ತೋರಿಸುತ್ತಿದ್ದರು. ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

ಎರಡು ಕಾರ್ನರ್ ಆಗುವವರೆಗೆ ಅಪ್ಪ ಆ ಬೆರಳುಗಳನ್ನೇ ನೋಡಿದರು. ಆಮೇಲೆ ಬಲೆಯ ಹತ್ತಿರ ಬಾಗಿ ಹೇಳಿದರು: "ಅವ್ವೀ, ಒಂದ ಬೆರಳಂದ್ರ ಹತ್ತಿರದ ಕಂಬ, ಎರಡಂದ್ರ ದೂರದ್ದು."

"ಅಪ್ಪಾ, ಸುಮ್ಮಕ ಕೂಡು."

"ಎರಡು."

ಅವಳು ದೂರದ ಕಂಬಕ್ಕೆ ಸರಿದಳು. ಚೆಂಡು ಬಂದು ಅವಳ ಕೈಯಲ್ಲಿ ಕೂತಿತು.

"ಒಂದು." ಮತ್ತೆ ಕೂತಿತು.

ಎದುರು ಕೋಚಿಗೆ ಸಂಶಯ ಬಂತು, ಮುಷ್ಟಿ ತೋರಿಸಿದರು. "ಈಗ ಸುಳ್ಳ ಹೇಳಾಕತ್ತಾನ," ಎಂದರು ಅಪ್ಪ. "ಚೆಂಡ ಒಳಗ ಬರೂದಿಲ್ಲ, ಮಗ್ಗಲಿನಾಕಿಗೆ ಕೊಡ್ತಾರ." ಹಾಗೇ ಆಯಿತು.

ಪಂದ್ಯ ಮುಗಿಯಲು ಐದು ನಿಮಿಷವಿರುವಾಗ, ದೂರು ಕೇಳಿ ರೆಫ್ರಿ ಗೋಲಿನ ಹಿಂದೆ ಬಂದರು. "ನೀವ್ಯಾರರಿ?"

"ಮಗಳನ್ನ ಮನಿಗೆ ಕರ್ಕೊಂಡ ಹೋಗಾಕ ಬಂದೇನ್ರಿ."

"ಬೆರಳ ಯಾಕ ಹೇಳ್ತೀರಿ? ಇದು ಮೋಸ ಆಗ್ತೈತಿ."

"ಬೆರಳ ಮುಚ್ಚದ ವ್ಯಾಪಾರ ಮಾಡೋದು ಅವರ ತಪ್ಪರಿ."

ರೆಫ್ರಿ ಅವರನ್ನು ಟ್ರಂಕಿನ ಸಮೇತ ಗೇಟಿನ ಹೊರಗೆ ಕಳಿಸಿದರು. ಪಂದ್ಯ ಮುಗಿದ ಮೇಲೆ ಮಗಳು ಕೈಗವಸು ಸಹ ಬಿಚ್ಚದೆ ಅಲ್ಲಿಗೆ ಹೋದಳು. ಅವಳ ಹಿಂದೆ ನಾನೂ ಹೋದೆ.

"ಅಪ್ಪಾ, ಮೋಸ ಸಿಕ್ತೇನು?"

ಅವರು ಟ್ರಂಕಿನ ಮೇಲಿನ ಧೂಳು ಒರೆಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ಸಿಕ್ತು."

"ಯಾರದು?"

"ರೆಫ್ರಿ ಹೇಳಿದ ಪ್ರಕಾರ, ನಂದು."

"ಹಂಗಾರ ನೀ ಮನಿಗೆ ಹೋಗು," ಎಂದಳು ಮಗಳು.

ಪಂದ್ಯ ಸೊನ್ನೆ-ಸೊನ್ನೆಯಲ್ಲಿ ಮುಗಿದಿತ್ತು. ಕ್ಲಬ್ಬು ಲೀಗಿನಲ್ಲಿ ಉಳಿಯಿತು. ಅಪ್ಪ ಸಂಜೆಯ ಬಸ್ಸಿಗೆ ಅಣ್ಣಿಗೇರಿಗೆ ಹೋದರು. ಟ್ರಂಕು ಬೈರಿದೇವರಕೊಪ್ಪದಲ್ಲಿದೆ.