ಶ್ರಾವಣದಲ್ಲಿ ವಾಂಟನ್ ತಿಂದವನು

ಕೆಲವರಿಗೆ ಲಾಟರಿ ಹೊಡೆಯುತ್ತೆ, ನನಗೆ ಇಂಥವು ಹೊಡೆಯುತ್ತವೆ. ಬೇಡ ಅಂದ್ರೂ ಮನೆ ಹುಡುಕ್ಕೊಂಡು ಬರ್ತವೆ. ಇದು ಹೋದ ಶ್ರಾವಣದ ಕಥೆ. ನೆನೆಸಿಕೊಂಡ್ರೆ ಈಗಲೂ ಮೊದಲು ಮೈ ಜುಂ ಅನ್ನುತ್ತೆ, ಆಮೇಲೆ ನಗು ಬರುತ್ತೆ.

೧. ಅಕ್ಕಪಕ್ಕ

ಅಮೆರಿಕದ ಶೋರ್‌ಲೈನ್‌ನಲ್ಲಿ ನಮ್ಮನೆ ಹತ್ತಿರ ಒಂದು ಫುಡ್ ಕೋರ್ಟ್ ಇದೆ. ಅದರಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಅಂಗಡಿ, ಎರಡರಲ್ಲೂ ವಾಂಟನ್ ನೂಡಲ್ಸೇ. ವಾಂಟನ್ ಅಂದ್ರೆ ಮಾಂಸ ತುಂಬಿದ ಪುಟ್ಟ ಕಡುಬು ಅಂದ್ಕೊಳ್ಳಿ. ಎಡಗಡೆಯ ಅಜ್ಜಿ ನೂಡಲ್ಸನ್ನು ಕಪ್ಪು ಸಾಸಿನಲ್ಲಿ ಕಲೆಸಿ, ಮೇಲೆ ಹಂದಿಮಾಂಸದ ಕೆಂಪು ಚೂರು ಹಾಕಿ ಕೊಡ್ತಾಳೆ. ಬಲಗಡೆಯ ಅಜ್ಜಿಯದು ಸೂಪಿನದು, ಕಡುಬಿನೊಳಗೆ ಸಿಗಡಿ. ಯಾವುದು ಮೇಲು ಅಂತ ನಾನು ಮೂರು ವರ್ಷದಿಂದ ತಿಂದು ನೋಡ್ತಾ ಇದೀನಿ, ತೀರ್ಪು ಇನ್ನೂ ಬಂದಿಲ್ಲ.

ಅಜ್ಜಿಯರಿಬ್ಬರಿಗೂ ಮಾತಿಲ್ಲ. ಒಂದು ದಿನ ಎರಡೂ ಕಡೆಯ ಬಟ್ಟಲು ತಂದು, ಒಂದೇ ಟೇಬಲ್ ಮೇಲೆ ಇಟ್ಟುಕೊಂಡು ಒಂದು ತುತ್ತು ಇದು, ಒಂದು ತುತ್ತು ಅದು ಅಂತ ತಿಂದೆ. ಇಬ್ಬರೂ ಕೈಕೆಲಸ ನಿಲ್ಲಿಸಿ, ರೆಪ್ಪೆ ಬಡಿಯದೆ ನನ್ನನ್ನೇ ನೋಡಿದರು. ಆ ಹಬೆಯೊಳಗೆ ನಾಲ್ಕು ಕಣ್ಣು ಮಾತ್ರ ಕಾಣ್ತಿತ್ತು. ಹೆಣ್ಣು ನೋಡೋಕೆ ಹೋದಾಗಲೂ ನನ್ನನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ.

೨. ಮತ್ತೆ ಬಂದ್ಯಾ?

ಆರು ತಿಂಗಳು ಇರೋಕೆ ಅಂತ ಮಂಡ್ಯದಿಂದ ಅಪ್ಪ ಬಂದಿದ್ದರು. ಶ್ರಾವಣ ಹುಟ್ಟಿದ ದಿನವೇ ಅಪ್ಪಣೆ ಆಯ್ತು: "ಒಂದು ತಿಂಗಳು ಈ ಮನೇಲಿ ಮೊಟ್ಟೆ ಅನ್ನೋ ಮಾತೂ ಬಾಯಲ್ಲಿ ಬರಕೂಡದು." ನಾನೂ ನನ್ನ ಹೆಂಡ್ತಿಯೂ ಬಾಯಿ ಕಟ್ಟಿ ಕೂತೆವು.

ಎರಡು ವಾರ ಕಳೆದಿತ್ತು. ಕಾಫಿಗೆ ಅಂತ ಫುಡ್ ಕೋರ್ಟಿಗೆ ಹೋದೆ. ಎಡಗಡೆಯ ಅಜ್ಜಿ ತಲೆ ಎತ್ತಿ, "ಮತ್ತೆ ಬಂದ್ಯಾ? ಈಗ ತಾನೇ ತಿಂದು ಹೋದೆಯಲ್ಲ?" ಅಂದಳು.

"ನಾನು ಬಂದೇ ಎರಡು ವಾರ ಆಯ್ತು" ಅಂದೆ.

"ನಿನ್ನೆಯೂ ಬಂದಿದ್ದೆ. ಟೋಪಿ ಹಾಕ್ಕೊಂಡು, ಮೂಲೇಲಿ ಕೂತು, ಬಟ್ಟಲು ನೆಕ್ಕಿಟ್ಟು ಹೋದೆ."

ಸಹಾಯಕ್ಕೆ ಬಲಗಡೆಗೆ ತಿರುಗಿದೆ. ಆ ಅಜ್ಜಿಯೂ ಮೆಲ್ಲಗೆ ತಲೆ ಆಡಿಸಿ, "ಹೌದು, ಮೊನ್ನೆ ನನ್ನ ಹತ್ರಾನೂ ತಿಂದೆ" ಅಂದಳು. ಮೂರು ವರ್ಷದಲ್ಲಿ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

೩. ಜೇಬಿನೊಳಗೆ

ಅವತ್ತು ಸಂಜೆ ಸ್ವಲ್ಪ ಚಳಿ ಇತ್ತು. ಬಾಗಿಲ ಹತ್ತಿರ ತೂಗುಹಾಕಿದ್ದ ಬೂದು ಜಾಕೆಟ್, ಆಫೀಸಿನವರು ಎಲ್ಲರಿಗೂ ಕೊಟ್ಟಿದ್ದು, ಹಾಕ್ಕೊಂಡೆ. ಜೇಬಿಗೆ ಕೈ ಹಾಕಿದ್ರೆ ಎಡಗಡೆ ಅಂಗಡಿಯ ಖಾರದ ಪೊಟ್ಟಣ! ಜತೆಗೆ ಕಪ್ಪು ಸಾಸು ಒರೆಸಿದ ಟಿಶ್ಯೂ. ತೋಳಿಗೆ ಎಳ್ಳೆಣ್ಣೆ ವಾಸನೆ.

ನಿಜ ಹೇಳ್ತೀನಿ, ಹೆದರಿಬಿಟ್ಟೆ. ನಮ್ಮ ತಾತ ಕೊನೆಗಾಲದಲ್ಲಿ ಉಂಡು ಕೈ ತೊಳೆದು ಬಂದು, "ನನಗ್ಯಾಕೆ ಊಟ ಹಾಕಿಲ್ಲ?" ಅಂತ ಅಳೋರು. ನನಗೆ ನಲವತ್ತೆಂಟು. ಆಗಲೇ ಶುರುವಾಯ್ತಾ? ನಾನೇ ಹೋಗಿ ತಿಂದು, ನಾನೇ ಮರೀತಿದೀನಾ? ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹೆಂಡ್ತಿಗೆ ಹೇಳಿದೆ. ಅವಳ ಮುಖ ಸಪ್ಪಗಾಯ್ತು. "ನನಗೂ ಅನುಮಾನ ಇತ್ತು ಕಣ್ರೀ. ಮೊನ್ನೆ ನಮ್ಮ ಮದುವೆ ದಿನ ಮರೆತಿರಲ್ಲ..."

"ಅದು ಪ್ರತಿ ವರ್ಷದ್ದು ಕಣೇ, ಅದನ್ನ ಡಾಕ್ಟರಿಗೆ ಹೇಳ್ಬೇಡ" ಅಂದೆ.

೪. ಬೆನ್ನು

ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ವಾರಕ್ಕೆ ಸಿಕ್ಕಿತು. ಅಷ್ಟು ದಿನ ತಡೆಯೋಕೆ ಆಗಲಿಲ್ಲ. ಮಾರನೇ ದಿನ ಮಧ್ಯಾಹ್ನವೇ ಫುಡ್ ಕೋರ್ಟಿಗೆ ಹೋಗಿ ಕಂಬದ ಮರೆಯಲ್ಲಿ ನಿಂತೆ.

ಎಡಗಡೆ ಅಂಗಡಿ ಮುಂದೆ ನಾನು ಕೂತಿದ್ದೆ. ಅದೇ ಬೂದು ಜಾಕೆಟ್, ಅದೇ ಟೋಪಿ, ತಿನ್ನುವಾಗ ಜೋತು ಬೀಳುವ ನನ್ನದೇ ಎಡಭುಜ. ನನ್ನ ಬೆನ್ನನ್ನು ನಾನೇ ನೋಡ್ತಾ ನಿಂತಿದ್ದೆ! ಅಷ್ಟರಲ್ಲಿ ಆ 'ನಾನು' ನಿಧಾನವಾಗಿ ತಿರುಗಿತು.

ಅಪ್ಪ. ಮೀಸೆ ತುಂಬ ಸಾಸು. ದಿನಾ ಹನ್ನೊಂದು ಗಂಟೆಗೆ ವಾಕಿಂಗ್ ಅಂತ ನನ್ನ ಜಾಕೆಟ್ ಏರಿಸಿಕೊಂಡು ಹೊರಡೋರು ಬರ್ತಿದ್ದುದು ಇಲ್ಲಿಗೆ.

"ಅಪ್ಪಾ, ತಾತನ ಕಾಯಿಲೆ ನನಗೂ ಬಂತು ಅಂತ ಸತ್ತು ಬದುಕಿದೀನಿ!" ಅಂದವನೇ ಅಷ್ಟು ಜನರ ಮುಂದೆ ಗಳಗಳ ಅತ್ತುಬಿಟ್ಟೆ. ಅಪ್ಪನ ಕಣ್ಣೂ ಒದ್ದೆಯಾಯ್ತು. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ತಪ್ಪಾಯ್ತು ಕಣಪ್ಪ. ಆದ್ರೆ ಶುರು ಮಾಡಿದ್ದು ನೀನು."

"ನಾನಾ?"

"ಮೊದಲನೇ ಶ್ರಾವಣ ಸೋಮವಾರ ನಾನು ವಾಕಿಂಗ್ ಬಂದಾಗ ಆ ಬಲಗಡೆ ಅಂಗಡೀಲಿ ನನಗೆ ಬೆನ್ನು ಹಾಕಿ ತಿಂತಾ ಕೂತಿದ್ದೆ. ಮಗನೇ ವ್ರತ ಮುರಿದ ಮೇಲೆ ನಾನ್ಯಾರಿಗೆ ಕಾಯ್ಲಿ ಅಂತ ಇಲ್ಲಿ ಕೂತೆ. ಆ ಅಂಗಡಿಗೆ ಮಾತ್ರ ನಾನು ಇವತ್ತಿಗೂ ಕಾಲಿಟ್ಟಿಲ್ಲ."

"ಅಪ್ಪಾ, ಆ ಸೋಮವಾರ ನಾನು ಇಡೀ ದಿನ ಕರ್ಕ್‌ಲ್ಯಾಂಡ್ ಆಫೀಸಲ್ಲಿದ್ದೆ."

ಇಬ್ಬರೂ ಒಟ್ಟಿಗೆ ಬಲಗಡೆ ತಿರುಗಿದೆವು. ಅಲ್ಲಿ, ನಮಗೆ ಬೆನ್ನು ಹಾಕಿ, ಬೂದು ಜಾಕೆಟ್, ತಲೆ ಮೇಲೆ ಟೋಪಿ, ಬಟ್ಟಲಿನೊಳಗೆ ಮುಖ. ನೋಡೇಬಿಡೋಣ ಅಂತ ಎದ್ದೆ. ಅಪ್ಪ ಗಬಕ್ಕನೆ ನನ್ನ ಕೈ ಹಿಡಿದು ಕೂರಿಸಿದರು.

"ಸುಮ್ನಿರೋ. ಯಾರೋ ನಮ್ಮೋರೇ. ಪಾಪ, ಶ್ರಾವಣ ಮಾಡ್ತಿದಾರೆ, ನೆಮ್ಮದಿಯಾಗಿ ಮಾಡ್ಲಿ ಬಿಡು."