ವಿಮಾನಕ್ಕೆ ಕುಡಿಸುವವರು

ನಮ್ಮ ಮನೆಯವರು ಇದುವರೆಗೂ ವಿಮಾನ ಹತ್ತಿದವರಲ್ಲ. ಆದರೆ ವಿಮಾನಕ್ಕೆ ಕುಡಿಸುತ್ತಾರೆ! ಎರಡು ಮೊಳದ ಆಟದ ವಿಮಾನ, ಇಂಜಿನ್ನು ಮಾತ್ರ ನಿಜದ್ದು. ಅದರ ಹೊಟ್ಟೆಯಲ್ಲಿ ಮಗುವಿನ ಹಾಲಿನ ಬಾಟಲಿಯಷ್ಟು ಟ್ಯಾಂಕು. ನಾನು ಬಾಣಂತಿಯಾಗಿದ್ದಾಗ ಇವರು ಮಗುವನ್ನು ಎತ್ತಿಕೊಂಡದ್ದು ನೋಡಿಲ್ಲ. ಈ ಟ್ಯಾಂಕನ್ನು ಕೆಳಗಿಟ್ಟದ್ದು ನೋಡಿಲ್ಲ.

ಅದು ಇಂಜಿನ್ನಿನ ಬಾಯಿಯ ಮಟ್ಟಕ್ಕೇ ಕೂರಬೇಕಂತೆ. ಕೆಳಗಾದರೆ ಮೇಲೇರುವಾಗ ಎಣ್ಣೆ ಸಿಗದೆ ಕೆಮ್ಮುತ್ತದಂತೆ, ಮೇಲಾದರೆ ಕುಡಿದು ಕುಡಿದು ಉಸಿರು ಕಟ್ಟುತ್ತದಂತೆ. ಅದಕ್ಕೆ ಇವರು ನಡುಮನೆಯಲ್ಲಿ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಬಿಚ್ಚುತ್ತಾರೆ, ಕೂರಿಸುತ್ತಾರೆ. ಮುದ್ದೆ ತಣ್ಣಗಾಗುತ್ತದೆ. ಒಂದು ದಿನ ನನ್ನ ತಲೆದಿಂಬಿನ ಸ್ಪಂಜು ಕೊಯ್ದು ಟ್ಯಾಂಕಿಗೆ ಸುತ್ತಿದರು.

"ಇಂಜಿನ್ ಅದುರಿದ್ರೆ ಎಣ್ಣೆ ನೊರೆ ಬರುತ್ತೆ ಕಣೇ."

"ಶಿಡ್ಲಘಟ್ಟದ ಬಸ್ಸಲ್ಲಿ ನಾನೂ ಅದುರ್ತೀನಿ. ನನಗೆ ಯಾವತ್ತು ಸ್ಪಂಜು ಸುತ್ತಿದ್ರಿ?"

ಇವರು ಸ್ಪಂಜಿನ ಮೇಲೆ ಇನ್ನೊಂದು ಸುತ್ತು ದಾರ ಬಿಗಿದರು. ಸ್ಪಂಜು ವಾಪಸು ಬರಲಿಲ್ಲ.

ಆ ಎಣ್ಣೆಯಲ್ಲಿ ಹರಳೆಣ್ಣೆ, ಸ್ಪಿರಿಟ್ಟು ಎಲ್ಲ ಬೆರೆತಿರುತ್ತದೆ. ಅದರ ವಾಸನೆ ಬಡಿದರೆ ನಮ್ಮ ರೇಷ್ಮೆಹುಳು ಸೊಪ್ಪು ಮುಟ್ಟುವುದಿಲ್ಲ. ಹಾಗಾಗಿ ತುಂಬುವುದೆಲ್ಲ ಮೇಲೂರಿನಾಚೆ, ಬತ್ತಿದ ಕೆರೆಯಂಗಳದಲ್ಲಿ. ಇಂಜಿನ್ನು ಶುರುಮಾಡುವಾಗ ಬಾಲ ಹಿಡಿಯಲು ಆಳು ಬೇಕು. ಆ ಆಳು ನಾನು. ಒಮ್ಮೆ ಕುರಿ ಮೇಯಿಸುವವನೊಬ್ಬ ಇವರು ಟ್ಯಾಂಕು ತುಂಬುವುದು ನೋಡಿ ತೆಲುಗಿನಲ್ಲಿ ಕೇಳಿದ, "ಏಂ ತಾತಾ, ಮನವಡಿಕಿ ಪಾಲಾ?" ಮೊಮ್ಮಗನಿಗೆ ಹಾಲಾ ಎಂದು.

"ಹೂಂ, ನಿನಗೂ ಒಂದು ಗುಟುಕು ಬಿಡ್ಲಾ?" ಎಂದರು ಇವರು.

ಅವನು ಮೂಸಿ ನೋಡಿ ಕುರಿಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋದ.

ಚಿಂತಾಮಣಿ, ಗೌರಿಬಿದನೂರಿನಿಂದಲೂ ಹಾರಿಸುವವರು ಅಲ್ಲಿಗೆ ಬರುತ್ತಾರೆ. ಅವರಿಗೆಲ್ಲ ಇವರದೊಂದು ಕಾನೂನು: ತನ್ನ ಟ್ಯಾಂಕು ತಾನೇ ತುಂಬಲಾರದವನು ಹಾರಿಸಕೂಡದು. ಈ ಕಾನೂನು ಹೇಳಿ ಒಬ್ಬರನ್ನು ಮನೆಗೆ ಕಳಿಸಿಯೂ ಇದ್ದಾರೆ.

ಈ ವರ್ಷ ಇವರ ಬಲಗೈ ನಡುಗಲು ಶುರುವಾಯಿತು. ಹಾರಿಸುವ ರಿಮೋಟನ್ನು ಎದೆಗೊತ್ತಿಕೊಂಡರೆ ನಡುಕ ಕಾಣುವುದಿಲ್ಲ. ತುಂಬುವಾಗ ಕಾಣುತ್ತದೆ. ಕಳೆದ ಭಾನುವಾರ ಎಲ್ಲರೂ ಸುತ್ತ ನಿಂತಿದ್ದರು. ಎಣ್ಣೆ ತುಂಬುವ ಸಿರಿಂಜಿನ ಮೂತಿ ಟ್ಯಾಂಕಿನ ಕೊಳವೆಗೆ ಸೇರಲಿಲ್ಲ. ಎಣ್ಣೆ ಮಣ್ಣಿಗೆ ಬಿತ್ತು. ಇನ್ನೊಮ್ಮೆಯೂ ಬಿತ್ತು.

ನಾನು ಸಿರಿಂಜು ಕಿತ್ತುಕೊಂಡೆ. "ಬಾಲ ಹಿಡ್ದು ಹಿಡ್ದು ಸಾಕಾಗಿದೆ. ಇವತ್ತಾದ್ರೂ ಇದು ಕಲಿಸ್ತೀರೋ ಇಲ್ವೋ?"

ಇವರು ನನ್ನ ಮುಖ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಗದರಿದರು. "ನಿಧಾನಕ್ಕೆ ಒತ್ತೇ, ಗಾಳಿ ಸೇರುತ್ತೆ. ಆ ಇನ್ನೊಂದು ಕೊಳವೇಲಿ ಎಣ್ಣೆ ಈಚೆ ಬಂದ್ರೆ ನಿಲ್ಲಿಸು."

"ಏನ್ ತಾತ, ಅಜ್ಜಿಗೆ ಟ್ರೈನಿಂಗಾ?" ಎಂದ ಚಿಂತಾಮಣಿಯವನೊಬ್ಬ.

"ಹೂಂ ಕಣಪ್ಪ. ದಡ್ಡಿ. ಕಲಿಯಕ್ಕೆ ತುಂಬಾ ದಿನ ಹಿಡಿಯುತ್ತೆ."

ಟ್ಯಾಂಕು ತುಂಬಿ ಎಣ್ಣೆ ನನ್ನ ಕೈಮೇಲೆ ಹರಿಯಿತು. ಇವರು ಹೆಗಲ ಟವೆಲು ತೆಗೆದು, ಅದೇ ನಡುಗುವ ಕೈಯಲ್ಲಿ ಒರೆಸಿದರು. ಎಣ್ಣೆ ಹೋದ ಮೇಲೂ ಒರೆಸುತ್ತಿದ್ದರು. ನಾನು ಕೈ ಎಳೆದುಕೊಳ್ಳಲಿಲ್ಲ.