ನಮ್ಮತ್ತೆ ಮತ್ತು ‘ಮುಟ್ಟಬೇಡಿ’ ಬೋರ್ಡು

ನಮ್ಮತ್ತೆಯನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಮಾನ ಉಳಿಸಿಕೊಂಡು ವಾಪಸ್ಸು ಬರುವ ಗಂಡೆದೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ. ಗುಬ್ಬಿಯಲ್ಲಿ ಅವಳನ್ನು ಬಸ್ಸು ಹತ್ತಿಸುವ ಜವಾಬ್ದಾರಿ ನನ್ನದು. ಇಳಿಸಿಕೊಂಡ ಮೇಲಿನದ್ದು ನಿಮ್ಮ ಹಣೆಬರಹ!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅವಳ ವಾರಗೆಯ ಹೆಂಗಸರೆಲ್ಲ ದೇವರಾಯನದುರ್ಗಕ್ಕೆ ಹೋಗಿ ಕೈಮುಗಿದು, ಪುಳಿಯೋಗರೆ ತಿಂದು ಬರುತ್ತಾರೆ. ಇವಳಿಗೆ ಮ್ಯೂಸಿಯಂ ಹುಚ್ಚು. ಹುಚ್ಚು ಎಂದರೆ ಪ್ರೀತಿ ಎಂದುಕೊಂಡಿರಾ? ಜಗಳ ಸ್ವಾಮಿ, ಜಗಳ! “ನಮ್ಮನೆ ಕೊಳಗ, ನಮ್ಮನೆ ಮೊರ ತಗಂಡೋಗಿ ಗಾಜಿನೊಳ್ಗೆ ಇಟ್ಟವ್ರೆ. ಆಮೇಲೆ ನಮ್ಗೇ ದೂರ ನಿಂತ್ಕ ಅಂತಾರೆ. ಯಾವ ನ್ಯಾಯ ಕಣೋ ಇದು?” ಎನ್ನುವುದು ಅವಳ ವಾದ.

ಕುಣಿಗಲ್ ಕಡೆ ಹಳೇ ಛತ್ರವೊಂದರಲ್ಲಿ ಹಳ್ಳಿ ಸಾಮಾನುಗಳ ಮ್ಯೂಸಿಯಂ ಆಗಿದೆ ಎಂದು ಯಾರೋ ಅವಳ ಕಿವಿಗೆ ಹಾಕಿದರು. ಹಾಕಿದವರು ಈಗ ಸಿಕ್ಕಿದರೆ ಒಂದು ಕೈ ನೋಡಿಕೊಳ್ಳುತ್ತೇನೆ. ಮೊದಲ ಸಲ ಹೋದಾಗ ಬಾಗಿಲಲ್ಲೇ ‘ಮೌನ ಕಾಪಾಡಿ’ ಎಂದು ಬರೆದಿತ್ತು. ಅತ್ತೆ ಗಟ್ಟಿಯಾಗಿ ಓದಿ, ಅದಕ್ಕಿಂತ ಗಟ್ಟಿಯಾಗಿ ಕೇಳಿದಳು: “ಯಾಕೆ, ಒಳಗೆ ಯಾರ್ದಾದ್ರೂ ಹೆಣ ಇಟ್ಟವ್ರಾ?”

ಒಳಗೆ ಕೂರಲು ಒಂದು ಬೆಂಚಿಲ್ಲ. ಅತ್ತೆ ಚೀಲದಿಂದ ಚಾಪೆ ತೆಗೆದು ವೀರಗಲ್ಲಿನ ಎದುರಿಗೆ ಹಾಸಿ ಕಾಲು ಚಾಚಿದಳು. ಕಾವಲಿನವನು ಓಡಿ ಬಂದ. “ಅಮ್ಮಾ, ಇಲ್ಲಿ ಕೂರಂಗಿಲ್ಲ.” ಅತ್ತೆ ವೀರಗಲ್ಲಿನತ್ತ ಕೈ ತೋರಿಸಿದಳು. “ಇವ್ನು ನಿಂತವ್ನೆ ಅಂತ ನಾನೂ ನಿಂತ್ಕಬೇಕಾ? ಇವ್ನಿಗೆ ಮಂಡಿ ನೋವಿಲ್ಲ ಕಣಪ್ಪ!”

ಸರಿ, ಆ ಕಲ್ಲಿನ ಕಥೆಯನ್ನಾದರೂ ಓದಿ ಹೇಳು ಎಂದಳು. ಅವನು ಕಲ್ಲಿನ ಪಕ್ಕ ಅಂಟಿಸಿದ್ದ ವಿವರದ ಚೀಟಿಯ ಹತ್ತಿರ ಹೋದ, ದೂರ ಬಂದ, ಕಣ್ಣು ಕಿರಿದು ಮಾಡಿದ, ತಲೆ ಕೆರೆದುಕೊಂಡ. ಅಕ್ಷರ ಅಷ್ಟು ಸಣ್ಣ! “ಕಾವಲಿರೋ ನಿಂಗೇ ಕಾಣಾಕಿಲ್ಲ. ಇನ್ಯಾರಿಗೆ ಬರ್ದವ್ರಪ್ಪ, ಇರುವೆಗಾ?” ಸ್ಕೂಲು ಮಕ್ಕಳ ಗುಂಪೊಂದು ಹೋ ಎಂದು ನಕ್ಕಿತು. ಕಾವಲಿನವನೂ ನಕ್ಕ. ನಾನು ಮಾತ್ರ ಕಂಬದ ಮರೆಯಲ್ಲಿ ನಿಂತು, ಇವಳು ಯಾರೋ ನಾನು ಯಾರೋ ಎನ್ನುವ ಮುಖ ಮಾಡಿದ್ದೆ.

ಆದರೆ ಮೂಲೆಯ ಕೋಣೆಗೆ ಹೋದವಳು ಇದ್ದಕ್ಕಿದ್ದಂತೆ ಬಾಯಿ ಮುಚ್ಚಿದಳು. ಅಲ್ಲಿ ‘ಮುಟ್ಟಬೇಡಿ’ ಬೋರ್ಡು ತೂಗುಹಾಕಿದ ಹಗ್ಗದ ಆಚೆ ರಾಗಿ ಬೀಸುವ ಕಲ್ಲಿತ್ತು. ಬಸ್ಸಿನಲ್ಲಿಯೂ ಮಾತಿಲ್ಲ. ನನಗೆ ನಿಜವಾಗಿ ಭಯವಾಯಿತು. ಗುಬ್ಬಿಗೆ ಹೋಗಬೇಕಾದವಳು ತುಮಕೂರಿನಲ್ಲಿಳಿದು ಸೀದಾ ನಮ್ಮ ಮನೆಗೆ ಬಂದಳು.

ಬಂದದ್ದು ಅಮ್ಮನಿಗಾಗಿ. ಸಕ್ಕರೆ ಕಾಯಿಲೆ ಅಮ್ಮನ ಎರಡೂ ಕಣ್ಣು ತಿಂದುಹಾಕಿದೆ. ಅಂದಿನಿಂದ ಅವಳು ಹೊಸಿಲು ದಾಟಿಲ್ಲ. ಮದುವೆಗೆ ಕರೆದರೂ, ನಾಮಕರಣಕ್ಕೆ ಕರೆದರೂ ಒಂದೇ ಮಾತು, “ನಾನ್ಯಾಕೆ ಬುಡು.” ಬರಬರುತ್ತಾ ಆ ಮಾತೂ ಕಡಿಮೆಯಾಗಿ, ಇಡೀ ದಿನ ಗೋಡೆಗೊರಗಿ ಕೂತಿರುತ್ತಿದ್ದಳು. ಅಮ್ಮ ನಮ್ಮ ಕೈ ಬಿಟ್ಟು ಒಳಗೊಳಗೇ ದೂರ ಹೋಗುತ್ತಿದ್ದಳು.

“ಅತ್ತಿಗೆ, ನಾಳೆ ಮ್ಯೂಸಿಯಂಗೆ ಹೋಗಣ,” ಎಂದಳು ಅತ್ತೆ.

“ಕಣ್ಣಿಲ್ದೋಳಿಗೆ ಅಲ್ಲೇನೈತೆ ನೋಡಾಕೆ?”

“ನೋಡಾಕೆ ಯಾರ್ ಕರದ್ರು? ಮುಟ್ಟಾಕೆ ಬಾ!”

ಅತ್ತಿಗೆ ನಾದಿನಿಯರ ಜಗಳ ನಮ್ಮ ವಂಶದಲ್ಲೇ ಪ್ರಸಿದ್ಧ. ಅಮ್ಮ ಒಲ್ಲೆ ಎಂದಷ್ಟೂ ಅತ್ತೆ ಅವಳ ಸೀರೆ ಮಡಚಿ ಚೀಲಕ್ಕೆ ತುಂಬಿದಳು. ಬೆಳಗ್ಗೆ ಇಬ್ಬರನ್ನೂ ಕರೆದುಕೊಂಡು ಹೊರಟೆ.

ಛತ್ರದ ಮೆಟ್ಟಿಲುಗಳು ಒಂದೊಂದೂ ಮೊಣಕಾಲೆತ್ತರ, ಹಿಡಿದುಕೊಳ್ಳಲು ಒಂದು ಕಂಬಿಯಿಲ್ಲ. ಅಮ್ಮನನ್ನು ನಾನೂ ಕಾವಲಿನವನೂ ಆಚೀಚೆ ಹಿಡಿದು ಹತ್ತಿಸಿದೆವು. “ಈ ಮೆಟ್ಲು ಇಟ್ಕಂಡು ಮ್ಯೂಸಿಯಂ ಮಾಡ್ದೋನು ಅವ್ರವ್ವನ್ನ ಒಂದ್ ದಿನಾನೂ ಇಲ್ಲಿಗೆ ಕರ್ಕಂಡ್ ಬಂದಿಲ್ಲ,” ಎಂದು ಅತ್ತೆ ಛತ್ರಕ್ಕೆಲ್ಲ ಕೇಳುವಂತೆ ತೀರ್ಪು ಕೊಟ್ಟಳು. ಕೇಳಿಸಬೇಕಾದವರಿಗೆ ಕೇಳಿಸಿತು. ಮೇಲ್ವಿಚಾರಕರು ಹೊರಗೆ ಬಂದು, ನಮ್ಮ ಹಿಂದೆಯೇ ಮೂಲೆಯ ಕೋಣೆಗೂ ಬಂದರು.

ಅತ್ತೆ ಹಗ್ಗಕ್ಕೆ ಕೈ ಹಾಕಿದಳು. “ಮೇಡಂ, ಬೋರ್ಡ್ ನೋಡಿ. ಮುಟ್ಟಬಾರದು,” ಎಂದರು ಅವರು.

“ದೇವ್ರನ್ನ ಮುಟ್ಬಾರ್ದು ಅಂದ್ರೆ ಮಡಿ ಅಂದ್ಕತೀನಿ. ರಾಗಿಕಲ್ಲಿಗೂ ಮಡಿಯಾ?”

“ಹಾಗಲ್ಲ, ಎಲ್ಲರೂ ಮುಟ್ಟಿದರೆ ಸವೆದುಹೋಗುತ್ತೆ.”

“ಸವೆದಿರೋದ್ಕೇ ಕಣ್ರೀ ಇದು ರಾಗಿಕಲ್ಲು! ನಮ್ಮಂಥೋರು ಸವೆಸ್ದೆ ಹೋಗಿದ್ರೆ ಬರೀ ಬಂಡೆ. ಬಂಡೆಗೂ ಹಿಂಗೇ ಹಗ್ಗ ಕಟ್ತಿದ್ರಾ?”

ಅವರು ರೂಲ್ಸು ಎಂದರು. ಕ್ಷಮೆ ಕೇಳಿ ಅತ್ತೆಯನ್ನು ಎಳೆದುಕೊಂಡು ಹೋಗುವುದು ನನ್ನ ವಾಡಿಕೆ. ಆದರೆ ಅಮ್ಮ ಆ ಮಾತು ಕೇಳಿ ಆಗಲೇ ಹಿಂದಕ್ಕೆ ತಿರುಗಿದ್ದಳು. “ನಾನು ಹೇಳ್ನಿಲ್ವಾ. ನಡೀರಿ ಮನೆಗೆ.” ಅದೇ ಗೋಡೆ, ಅದೇ ಮೂಲೆ ನೆನಪಾಗಿ ನನ್ನ ಮೈ ಉರಿದುಹೋಯಿತು. ಕಣ್ಣಿದ್ದವರು ದೂರ ನಿಂತು ನೋಡಬಹುದು. ಇಲ್ಲದವರು ಏನು ಮಾಡಬೇಕು? ನಾನೇ ಹಗ್ಗ ಬಿಚ್ಚಿ ಕೆಳಗೆ ಹಾಕಿದೆ. ಏನಾದರೂ ಆದರೆ ನನ್ನ ಮೇಲೆ ಕಂಪ್ಲೇಂಟ್ ಕೊಡಿ ಎಂದೆ. ಮೇಲ್ವಿಚಾರಕರು ನನ್ನನ್ನು ನೋಡಿದರು, ಅಮ್ಮನ ಕಣ್ಣು ನೋಡಿದರು, ಬಿದ್ದಿದ್ದ ಹಗ್ಗವನ್ನು ಪಕ್ಕಕ್ಕೆ ಸರಿಸಿದರು.

ಅಮ್ಮನನ್ನು ಕೂರಿಸಿದೆವು. ಅವಳ ಕೈ ಕಲ್ಲಿನ ಅಂಚು ಸವರಿತು, ಮೇಲಿನ ಕುಳಿ ಹುಡುಕಿತು, ಮರದ ಗೂಟ ಹಿಡಿಯಿತು. ಮುಖ ಅರಳಿತು ಎನ್ನುವಷ್ಟರಲ್ಲಿ ಕೈ ತಟ್ಟನೆ ಹಿಂದೆ ಬಂತು.

“ಬ್ಯಾಡ. ಖಾಲಿ ಕಲ್ಲು ತಿರುಗಿಸ್ಬಾರ್ದು. ಮನೆಗೆ ಒಳ್ಳೇದಲ್ಲ.”

ಮುಗಿಯಿತು! ರೂಲ್ಸನ್ನು ಗೆದ್ದರೂ ಅಮ್ಮನ ಶಾಸ್ತ್ರವನ್ನು ಗೆಲ್ಲುವವರುಂಟೇ? ನಾನು ಕೈಚೆಲ್ಲಿದೆ. ಅತ್ತೆ ಮಾತ್ರ ಅಮ್ಮನ ಎದುರಿಗೆ ಕಾಲು ಚಾಚಿ ಕುಳಿತು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟು ಬಿಚ್ಚಿ, ಅಮ್ಮನ ಬೊಗಸೆಗೆ ಸುರಿದಳು. ರಾಗಿ! ಗುಬ್ಬಿಯ ಮನೆಯಿಂದ ತಂದದ್ದಲ್ಲ, ನಮ್ಮದೇ ಡಬ್ಬಿಯಿಂದ ಕದ್ದದ್ದು!

“ಕಳ್ಳಿ!” ಎಂದಳು ಅಮ್ಮ. ಎಷ್ಟು ಕಾಲವಾಗಿತ್ತು ಅವಳ ನಗು ಕೇಳಿ!

ಕಾವಲಿನವನು ತನ್ನ ಟವೆಲ್ಲನ್ನೇ ಕಲ್ಲಿನ ಸುತ್ತ ಹಾಸಿದ. ಒಂದೇ ಗೂಟಕ್ಕೆ ಎರಡು ಮುದಿ ಕೈಗಳು ಬಿದ್ದವು. ಅತ್ತೆಯ ಮದುವೆಗೆ ಮುಂಚೆ, ಅಪ್ಪನ ಹಳ್ಳಿಮನೆಯಲ್ಲಿ ಇಬ್ಬರೂ ಕೋಳಿ ಕೂಗುವ ಹೊತ್ತಿಗೆ ಹೀಗೇ ಎದುರುಬದುರು ಕೂತು ಬೀಸುತ್ತಿದ್ದರಂತೆ. ಕಲ್ಲು ಗೊರಗುಟ್ಟಿ ತಿರುಗಿತು. ಅಮ್ಮ ಸಣ್ಣಗೆ ಹಾಡು ಎತ್ತಿಕೊಂಡಳು. ‘ಮೌನ ಕಾಪಾಡಿ’ ಬೋರ್ಡು ಹೊರಬಾಗಿಲಲ್ಲಿ ನೇತಾಡುತ್ತಲೇ ಇತ್ತು. ಮೇಲ್ವಿಚಾರಕರು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿದ್ದರು.

ಅತ್ತೆ ಜೊತೆಗೆ ಹಾಡಲಿಲ್ಲ. ಜಗತ್ತಿನ ಬೋರ್ಡುಗಳಿಗೆಲ್ಲ ಎದುರುತ್ತರ ಕೊಟ್ಟ ಆ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿತ್ತು, ಕಣ್ಣಿಂದ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಅಮ್ಮ ಹಾಡು ನಿಲ್ಲಿಸಿದಳು.

“ನಂಗೆ ಕಾಣಾಕಿಲ್ಲ ಅಂತ ಕದ್ದು ಅಳ್ತಿದೀಯೇನೇ? ಗೂಟ ನಡುಗ್ತೈತೆ. ಬಿಗಿಯಾಗಿ ಹಿಡ್ಕ.”

ಅತ್ತೆ ಮೂಗೊರೆಸಿಕೊಂಡು, ಹೇಳಿದಂತೆ ಕೇಳಿದಳು.